ವಕೀಲರು ತಿರುಚಿದ ಹಗ್ಗ

ಲಾರಿಯ ಮಾಲಿಗೆ ಕಟ್ಟಿದ ಹಗ್ಗದಲ್ಲಿ ಕೋಲು ತೂರಿಸಿ, ತಿರುಚಿ ಬಿಗಿ ಮಾಡುವುದು ತನ್ನದೇ ಆವಿಷ್ಕಾರವೆಂದು ಕಂಪನಿಯೊಂದು ಪೇಟೆಂಟ್ ಪಡೆಯಿತು. ಇನ್ನು ಹಾಗೆ ಬಿಗಿಯಕೂಡದೆಂದು ಗದಗಿನ ಹಮಾಲರಿಗೆ ನೋಟಿಸು ಬಂತು. ಹಮಾಲ ಫಕೀರಪ್ಪ ಪೇಟೆಂಟ್ ಅಧಿಕಾರಿಯ ಮುಂದೆ ವಿಚಾರಣೆಗೆ ಹೋದ.

“ಹಗ್ಗ ಹಳೇದು, ಕೋಲೂ ಹಳೇದು. ಎರಡನ್ನೂ ಸೇರಿಸುವುದು ನಮ್ಮ ಎಂಜಿನಿಯರಿಗಲ್ಲದೆ ಯಾರಿಗೂ ಹೊಳೆಯದು,” ಎಂದರು ಕಂಪನಿಯ ವಕೀಲರು.

ಫಕೀರಪ್ಪ ವಕೀಲರ ಫೈಲುಗಳಿಗೆ ಸಡಿಲವಾಗಿ ಹಗ್ಗ ಕಟ್ಟಿದ. “ಇದನ್ನ ಗಂಟು ಬಿಚ್ಚದಂಗ ಬಿಗಿ ಮಾಡ್ರಿ, ಸಾಹೇಬ್ರ.”

“ಇದೇನು ಮಹಾ!” ವಕೀಲರು ಪೆನ್ನು ತೂರಿಸಿ ತಿರುಚಿದರು. ಹಗ್ಗ ಬಿಗಿಯಿತು. ಅವರ ಕೈ ಅಲ್ಲೇ ನಿಂತಿತು.

ಅಧಿಕಾರಿ ಎದ್ದು ಬಂದು ಹಗ್ಗ ಮುಟ್ಟಿದರು. ಬೆರಗಾಗಿ ಫಕೀರಪ್ಪನನ್ನೇ ನೋಡಿದರು.

ಫಕೀರಪ್ಪ ಮೆಲ್ಲಗೆ ಕೇಳಿದ: “ವಕೀಲ ಸಾಹೇಬ್ರ, ನೀವೂ ಎಂಜಿನಿಯರ್ ಏನ್ರೀ?”