ಬರುವ ದಾರಿಯ ಬುತ್ತಿ

ಆಶ್ರಮ ಅಂದರೆ ದೊಡ್ಡದೇನಲ್ಲ. ಹಿಮದ ಬೆಟ್ಟಗಳ ಕೆಳಗೆ, ಹೊಳೆ ದಂಡೆಯ ಮೇಲೆ ಎರಡು ಕೋಣೆ, ಒಂದು ಒಲೆ.

ನಲವತ್ತು ವರ್ಷದ ಹಿಂದೆ ಕೊಳ್ಳೇಗಾಲದ ಕಡೆಯಿಂದ ಬಂದ ಗುರುಗಳು ಅಲ್ಲೇ ನೆಲೆ ನಿಂತುಬಿಟ್ಟಿದ್ದರು. ಊರ ಕಡೆಯ ರೂಢಿಯಂತೆ ಶಿಷ್ಯರು ಅವರನ್ನು ‘ಬುದ್ದಿ’ ಎಂದೇ ಕರೆಯುತ್ತಿದ್ದರು. ಶಿಷ್ಯರು ಎಂದರೆ ಇಬ್ಬರೇ, ಚನ್ನಂಜ ಮತ್ತು ಮುದ್ದಯ್ಯ.

ಕಳೆದ ಚಳಿಗಾಲದಲ್ಲಿ ಮುದ್ದಯ್ಯ ಎದೆಗೆ ಕಫ ಕಟ್ಟಿ ತೀರಿಕೊಂಡ. ಉಳಿದವನು ಚನ್ನಂಜ.

ಪಾಪ, ಅವನ ಒಂಟಿತನ ಹೇಳತೀರದು. ಬೆಳಗ್ಗೆ ಎದ್ದು ಒಲೆ ಮುಂದೆ ಮೂರು ಲೋಟ ಇಡುತ್ತಿದ್ದ. ಆಮೇಲೆ ಒಂದನ್ನು ತೆಗೆದು ಮತ್ತೆ ಗೂಡಿನಲ್ಲಿ ಇಡುತ್ತಿದ್ದ. ದಿನವೂ ಇದೇ ಆಯಿತು.

ಕಣಿವೆಯ ಕೊನೆಯಲ್ಲಿ ಒಂದು ಶಿಖರ ಕಾಣುತ್ತಿತ್ತು. ಅದನ್ನು ಏರುವ ಹುಚ್ಚು ಈ ಇಬ್ಬರು ಶಿಷ್ಯರಿಗೂ ಇರಲಿಲ್ಲ. ಏರುವವರು ಡೇರೆ ಹಾಕುವ ಬಯಲು ಇರುತ್ತದಲ್ಲ, ಬೇಸ್ ಕ್ಯಾಂಪ್ ಅನ್ನುತ್ತಾರೆ, ಅಲ್ಲಿಯವರೆಗೆ ಹೋಗಿ ಒಂದು ಗಳಿಗೆ ಕೂತು ಬರಬೇಕು, ಅಷ್ಟೇ ಆಸೆ. ಮೂರು ಚಳಿಗಾಲ ಒಲೆ ಮುಂದೆ ಮೈ ಕಾಯಿಸಿಕೊಳ್ಳುತ್ತಾ ಇದನ್ನೇ ಮಾತಾಡಿದ್ದರು.

ವೈಶಾಖದಲ್ಲಿ ಹಿಮ ಕರಗಿ ದಾರಿ ಬಿಟ್ಟಿತು. ಚನ್ನಂಜ ಗುರುಗಳ ಮುಂದೆ ಬಂದು ನಿಂತ.

“ಬುದ್ದಿ, ನಾನು ಶಿಖರದ ಬುಡಕ್ಕೆ ಹೋಗ್ತೀನಿ.”

“ಒಬ್ಬನೇ?”

“ಇನ್ಯಾರಿದ್ದಾರೆ?”

ಗುರುಗಳು ಚಾಪೆಯ ಮೇಲೆ ಜಾಗ ಮಾಡಿಕೊಟ್ಟರು.

“ಕೂತ್ಕೊ. ಏನೇನು ಯೋಚನೆ ಮಾಡಿದ್ದೀಯ, ಹೇಳು.”

ಚನ್ನಂಜ ನಕ್ಷೆ ಬಿಚ್ಚಿದ. ಅದರ ಮಡಿಕೆಗಳೆಲ್ಲ ಹರಿದಿದ್ದವು. ಸರ್ಕಾರದ ಪರವಾನಗಿ ಚೀಟಿಯನ್ನೂ ಪಕ್ಕದಲ್ಲಿಟ್ಟ.

“ಎಂಟು ಕಡೆ ತಂಗೋದು. ಮೊದಲ ಮೂರು ದಿನ ಕಾಡು. ಕುರಿ ಕಾಯುವವರ ಹಟ್ಟಿ ಸಿಗುತ್ತೆ.”

“ನಾಲ್ಕನೇ ದಿನ?”

“ಅಲ್ಲಿಂದ ಉಸಿರು ಕಷ್ಟ. ಅರ್ಧ ದಿನ ಮಾತ್ರ ನಡೆಯೋದು. ತಲೆನೋವು ಶುರುವಾದರೆ ಮೇಲೆ ಹತ್ತೋದಿಲ್ಲ.”

“ಐದು?”

“ಹಿಮದ ತೊರೆ ದಾಟಬೇಕು. ಬೆಳ್ಳಂಬೆಳಗ್ಗೆ. ಬಿಸಿಲೇರಿದರೆ ನೀರೂ ಏರುತ್ತೆ.”

ಗುರುಗಳು ತಲೆಯಾಡಿಸಿದರು. ಹುಡುಕಿದರೂ ತಪ್ಪು ಸಿಗುವ ಹಾಗಿರಲಿಲ್ಲ. ಮೂರು ಚಳಿಗಾಲದ ಯೋಚನೆ ಅಲ್ಲವೇ.

“ಒಂಬತ್ತನೇ ದಿನ ಮಧ್ಯಾಹ್ನಕ್ಕೆ ಬುಡ ಸೇರ್ತೀನಿ ಬುದ್ದಿ.”

“ಹತ್ತನೇ ದಿನ?”

ಚನ್ನಂಜ ನಕ್ಷೆ ಮಡಚತೊಡಗಿದ.

“ಅಲ್ಲಿವರೆಗೆ ಬರೆದುಕೊಂಡಿದ್ದೀನಿ.”

ಗುರುಗಳು ಕೆದಕಲಿಲ್ಲ. ಆ ಆಶ್ರಮದಲ್ಲಿ ಒಂದು ಪದ್ಧತಿ ಇತ್ತು. ಯಾರೇ ದೂರ ಹೊರಟರೂ ಅವರ ಬುತ್ತಿಯ ಗಂಟನ್ನು ಗುರುಗಳ ಮುಂದೆ ಒಮ್ಮೆ ಬಿಚ್ಚಬೇಕು.

“ಗಂಟು ತಗೊಂಡು ಬಾ, ನೋಡೋಣ.”

ಚನ್ನಂಜ ತಂದು ಬಿಚ್ಚಿದ. ರಾಗಿ ಹುರಿಹಿಟ್ಟು, ಬೆಲ್ಲದ ಅಚ್ಚು, ಹುರಿಗಡಲೆ, ಒಣಕೊಬ್ಬರಿ. ಎಲ್ಲ ಅಚ್ಚುಕಟ್ಟು. ಗುರುಗಳು ಹಿಟ್ಟಿನ ಚೀಲವನ್ನು ಕೈಯಲ್ಲಿ ತೂಗಿ ನೋಡಿದರು.

“ಎಷ್ಟು ದಿನಕ್ಕೆ ಇದು?”

“ಒಂಬತ್ತು.”

“ಬರೋದಕ್ಕೆ?”

ಚನ್ನಂಜ ಗಂಟಿನ ಕಡೆ ನೋಡಿದ. ಅದನ್ನು ಕಟ್ಟಿದವನು ತಾನೇ ಎಂಬುದನ್ನು ಮರೆತವನ ಹಾಗೆ ನೋಡಿದ.

ಆದದ್ದು ಇಷ್ಟು. ಇಬ್ಬರೂ ಹನ್ನೊಂದು ವರ್ಷ ಎಲ್ಲೆಲ್ಲಿ ಅಲೆದರೂ ಹೊರೆ ಹಂಚಿಕೊಳ್ಳುವ ಕ್ರಮ ಒಂದೇ. ಹೋಗುವ ದಾರಿಯ ಬುತ್ತಿ ಚನ್ನಂಜನ ಹೆಗಲಿಗೆ, ಬರುವ ದಾರಿಯದು ಮುದ್ದಯ್ಯನ ಹೆಗಲಿಗೆ. ‘ನಿನ್ನ ಚೀಲ ದಿನಾ ಹಗುರ ಆಗುತ್ತೆ, ನಾನು ಮಾತ್ರ ಕತ್ತೆ ಥರ ಹೊರಬೇಕು’ ಎಂದು ಮುದ್ದಯ್ಯ ರೇಗಿಸುತ್ತಿದ್ದ. ಹಾಗಂತ ಒಂದು ದಿನವೂ ಬದಲಾಯಿಸಿಕೊಂಡವನಲ್ಲ.

ಈ ಸಲವೂ ಚನ್ನಂಜ ತನ್ನ ಪಾಲನ್ನು ಕಟ್ಟಿ ಮುಗಿಸಿದ್ದ.

“ಮರೆತೆ ಬುದ್ದಿ.”

“ಮರೆತೆಯಾ?”

ಚನ್ನಂಜ ಹಿಟ್ಟಿನ ಚೀಲದ ಬಾಯಿ ಬಿಚ್ಚಿ ಮತ್ತೆ ಕಟ್ಟಿದ.

“ಗೊತ್ತಿಲ್ಲ,” ಎಂದ ಕೊನೆಗೆ. “ಹೋಗೋದು ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತೆ. ಬರೋದು ಮಾತ್ರ ಎಷ್ಟು ಯೋಚಿಸಿದರೂ ಹೊಳೆಯಲ್ಲ. ಬಂದು ಯಾರಿಗೆ ಹೇಳಲಿ ಬುದ್ದಿ, ಹೀಗಿತ್ತು ಹಾಗಿತ್ತು ಅಂತ? ಬರೋದಕ್ಕೆ ಯಾರಿದ್ದಾರೆ?”

ಎದುರಿಗೇ ಕೂತಿದ್ದ ಗುರುಗಳು ಇದನ್ನು ಕೇಳಿಸಿಕೊಂಡರು. ನೊಂದುಕೊಂಡರೋ ಇಲ್ಲವೋ, ಮುಖ ನೋಡಿದರೆ ತಿಳಿಯುವ ಹಾಗಿರಲಿಲ್ಲ.

“ಮುದ್ದಯ್ಯನ ಚೀಲ ತಗೊಂಡು ಬಾ.”

ಅದು ಬಾಗಿಲ ಪಕ್ಕದ ಗೂಟದಲ್ಲಿ ಚಳಿಗಾಲದಿಂದ ಹಾಗೇ ನೇತಾಡುತ್ತಿತ್ತು. ಧೂಳು ಹೊಡೆಯಲೂ ಚನ್ನಂಜನಿಗೆ ಕೈ ಬಂದಿರಲಿಲ್ಲ.

“ಅದೊಂದು ಬೇಡ ಬುದ್ದಿ.”

“ತಗೊಂಡು ಬಾ ಅಂದೆ.”

ತಂದ. ಒಳಗೆ ಏನೂ ಇರಲಾರದು ಅಂದುಕೊಂಡಿದ್ದ. ಕೈ ಹಾಕಿದರೆ ಮಡಚಿಟ್ಟ ಬಟ್ಟೆಯ ಪುಟ್ಟ ಚೀಲಗಳು ಸಿಕ್ಕವು. ಹಳೇ ಪಂಚೆ ಹರಿದು ಹೊಲಿದದ್ದು, ಬಾಯಿಗೆ ದಾರ ಪೋಣಿಸಿದ್ದು. ಎಣಿಸಿದ. ಒಂಬತ್ತಿದ್ದವು, ದಿನಕ್ಕೊಂದರಂತೆ.

ಕಾಯಿಲೆ ಬೀಳುವ ಮೊದಲೇ ಮುದ್ದಯ್ಯ ತನ್ನ ಪಾಲಿನ ತಯಾರಿ ಶುರು ಮಾಡಿದ್ದ.

ಹೊಲಿಗೆಯೋ ದೇವರಿಗೇ ಪ್ರೀತಿ. ಒಂದು ಹೊಲಿಗೆ ಇಲ್ಲಿ, ಇನ್ನೊಂದು ಎಲ್ಲೋ. ಚನ್ನಂಜನಿಗೆ ನಗು ಬಂತು. ನಗುತ್ತಿದ್ದ ಹಾಗೇ ಅಳು ಬಂತು. ಚಳಿಗಾಲದಲ್ಲಿ ಅಳದೆ ಉಳಿಸಿಕೊಂಡದ್ದನ್ನೆಲ್ಲ ಆಗ ಅತ್ತ.

ಅವನು ಮೂಗು ಒರೆಸಿಕೊಂಡ ಮೇಲೆ ಗುರುಗಳು ಹೇಳಿದರು.

“ಎದ್ದು ರಾಗಿ ಹುರಿ.”

ಆ ಬೆಟ್ಟದವರೂ ರಾಗಿ ಬೆಳೆಯುತ್ತಾರೆ, ಅದೊಂದು ಪುಣ್ಯ. ಚನ್ನಂಜ ಬಾಣಲೆ ಕಾಯಿಸಿದ. ಗುರುಗಳು ಪಕ್ಕದಲ್ಲಿ ಕೂತು ಒಲೆ ಊದಿದರು. ಎಂಬತ್ತು ದಾಟಿದ ಉಸಿರು, ಎರಡು ಸಲ ಊದುವಷ್ಟರಲ್ಲಿ ಕೆಮ್ಮು ಬಂತು.

“ಬಿಡಿ ಬುದ್ದಿ, ನಾನು ನೋಡ್ಕೋತೀನಿ.”

“ನಿನ್ನ ಮುಖ ನೋಡಿದರೆ ರಾಗಿ ಅರಳಲ್ಲ. ನಾನಿರಬೇಕು.”

ರಾಗಿ ಚಟಪಟ ಅರಳಿತು. ಇಬ್ಬರೂ ಎದುರುಬದುರು ಕೂತು ಬೀಸುವ ಕಲ್ಲು ತಿರುಗಿಸಿದರು. ಬೆಲ್ಲ ಕುಟ್ಟಿ ಬೆರೆಸಿದರು. ಚೀಲ ತುಂಬಿ ದಾರ ಬಿಗಿಯುವುದನ್ನು ಮಾತ್ರ ಗುರುಗಳು ತಾವೇ ಮಾಡಿದರು, ಚನ್ನಂಜನಿಗೆ ಬಿಡಲಿಲ್ಲ.

ಮಾರನೇ ಬೆಳಗ್ಗೆ ಚನ್ನಂಜ ತನ್ನ ಚೀಲ ಒಂದು ಹೆಗಲಿಗೆ, ಮುದ್ದಯ್ಯನದು ಇನ್ನೊಂದು ಹೆಗಲಿಗೆ ಹಾಕಿಕೊಂಡ. ಡೇರೆ, ಕಂಬಳಿ, ಸ್ಟೌವ್ ಬೇರೆ. ನಾಲ್ಕು ಹೆಜ್ಜೆ ನಡೆದು ನಿಂತ.

“ಇಬ್ಬರ ಹೊರೆ ಒಬ್ಬ ಹೊರೋಕಾಗಲ್ಲ ಬುದ್ದಿ. ಮೇಲೆ ಹೋದ ಹಾಗೆ ಬಿದ್ದೇ ಹೋಗ್ತೀನಿ.”

“ಬುಡದವರೆಗೂ ಹೊರು ಅಂತ ಯಾರು ಹೇಳಿದರು?”

“ಮತ್ತೆ?”

“ಎಲ್ಲಿ ತಂಗ್ತೀಯೋ ಅಲ್ಲಿ ಮುದ್ದಯ್ಯನ ಚೀಲದಿಂದ ಒಂದು ತೆಗೆದು ಬಂಡೆ ಸಂದಿಯಲ್ಲಿಡು. ಮೇಲೆ ಕಲ್ಲು ಪೇರಿಸು, ಕರಡಿ ಮೂಸದ ಹಾಗೆ. ದಿನಕ್ಕೆ ಎರಡು ಬುತ್ತಿ ಇಳಿಯುತ್ತೆ. ಒಂದು ನಿನ್ನ ಹೊಟ್ಟೆಗೆ, ಒಂದು ಕಲ್ಲಿನ ಕೆಳಗೆ.”

ಚನ್ನಂಜ ಯೋಚಿಸಿದ. ಸರಿಯೇ ಅನಿಸಿತು. ಆದರೂ ಕೇಳಿದ.

“ಯಾರಾದರೂ ತೆಗೆದುಕೊಂಡುಬಿಟ್ಟರೆ?”

“ಹಸಿದವರು ತಿಂದಿರ್ತಾರೆ. ನೀನು ಮುಂದಿನದಕ್ಕೆ ನಡಿ.”

“ಬರುವಾಗ ಒಬ್ಬನೇ ಕೂತು ತಿನ್ನಬೇಕಲ್ಲ ಬುದ್ದಿ.”

“ಹೋಗುವಾಗ ಒಬ್ಬನೇ. ಬರುವಾಗ ಮುದ್ದಯ್ಯ ಒಂದೊಂದು ಕಡೆಯೂ ನಿನಗೆ ಮೊದಲೇ ಬಂದು ಕೂತಿರ್ತಾನೆ.”

ಚನ್ನಂಜ ಬಗ್ಗಿ ಗುರುಗಳ ಪಾದ ಮುಟ್ಟಿದ. ಆ ಪಾದಗಳು ಒಣಗಿ ಬಿರುಕು ಬಿಟ್ಟಿದ್ದವು. ಹನ್ನೊಂದು ವರ್ಷ ಮುಟ್ಟಿದ್ದರೂ ಅವನು ಅದನ್ನು ಗಮನಿಸಿದ್ದು ಆವತ್ತೇ. ತಾನು ಹೋದ ಮೇಲೆ ಒಲೆ ಊದುವವರು ಯಾರು ಎಂಬ ಯೋಚನೆ ಅವನಿಗೆ ಆಗ ಬಂತು.

“ಹೋಗಿ ಬರ್ತೀನಿ ಬುದ್ದಿ.”

ಗುರುಗಳು ಬೆನ್ನು ತಟ್ಟಿದರು.

ಹೊಳೆಯ ತಿರುವಿಗೆ ಬಂದವನು ಮುದ್ದಯ್ಯನ ಚೀಲದ ಬಾಯಿ ಸರಿಯಾಗಿ ಕಟ್ಟಿದೆಯೋ ಇಲ್ಲವೋ ಎಂದು ನೋಡಿದ. ಅಭ್ಯಾಸಬಲ, ಹಾಗೇ ಒಳಗಿನ ಪುಟ್ಟ ಚೀಲಗಳನ್ನು ಎಣಿಸಿದ. ಎಂಟು. ಮತ್ತೊಮ್ಮೆ ಎಣಿಸಿದ. ಎಂಟೇ.

ಹೊರೆ ಅಲ್ಲೇ ಇಳಿಸಿ ಓಡುತ್ತಾ ವಾಪಸು ಬಂದ.

ಗುರುಗಳು ಬಾಗಿಲ ಬಳಿ ನಿಂತಿದ್ದರು, ಮುದ್ದಯ್ಯನ ಗೂಟದ ಹತ್ತಿರ. ಬರಿದಾಗಿದ್ದ ಗೂಟಕ್ಕೆ ಏನನ್ನೋ ನೇತುಹಾಕುತ್ತಿದ್ದರು. ದಾರ ಸಿಕ್ಕಿಕೊಳ್ಳುತ್ತಿರಲಿಲ್ಲ.

“ಬುದ್ದಿ, ಎಂಟೇ ಇವೆ. ಮುದ್ದಯ್ಯ ಹೊಲಿದದ್ದು ಒಂಬತ್ತು.”

ದಾರ ಗೂಟಕ್ಕೆ ಸಿಕ್ಕಿತು. ಸೊಟ್ಟ ಹೊಲಿಗೆಯ ಪುಟ್ಟ ಚೀಲ ಅಲ್ಲಿ ನೇತಾಡಿತು. ಗುರುಗಳು ತಿರುಗಿ ಅವನ ಕಡೆ ನೋಡಿದರು.

“ನೀನು ತಂಗೋದು ಎಂಟು ಕಡೆ. ಒಂಬತ್ತನೇದು ನನ್ನ ಹತ್ತಿರ ಇರುತ್ತೆ. ಹಿಟ್ಟು ಮುಗ್ಗಲು ಹಿಡಿಯೋಕೆ ಮುಂಚೆ ಬಂದುಬಿಡು.”