ಚಾಕವ್ವೆಯ ಎತ್ತು

ಹೊಳೆಯ ದಡದಲ್ಲಿ ರೇವೋಜನೆಂಬ ಶಿಲ್ಪಿ ಕಲ್ಲು ಕಡೆಯುತ್ತಿದ್ದ. ಸೋವಣ ಅವನ ಶಿಷ್ಯ. ಹನ್ನೆರಡು ವರ್ಷ ಕಲಿತಿದ್ದ. ಕೈಯೂ ಚುರುಕು, ನಾಲಿಗೆಯೂ ಚುರುಕು.

ಊರ ಹೆಗ್ಗಡೆ ಕಟ್ಟಿಸುತ್ತಿದ್ದ ಶಿವಾಲಯಕ್ಕೆ ಇಬ್ಬರೂ ಸೇರಿ ಆಳೆತ್ತರದ ನಂದಿಯನ್ನು ಕಡೆದಿದ್ದರು. ಕಣ್ಣು ತೆರೆಸುವುದೊಂದು ಬಾಕಿ. ಶಿಲ್ಪಿ ಕಣ್ಣಿನ ಗೆರೆ ಕೊರೆದ ಮೇಲೆಯೇ ಅದಕ್ಕೆ ಪೂಜೆ.

ಮುಹೂರ್ತದ ಹಿಂದಿನ ದಿನ ಚಾಕವ್ವೆ ಎಂಬ ವಿಧವೆ ತನ್ನ ದೂರು ಹೇಳಿಕೊಳ್ಳಲು ಬಂದಳು. ನಂದಿಯ ಬಂಡೆ ಎಳೆಸಲು ಹೆಗ್ಗಡೆಯ ಆಳುಗಳು ಅವಳಿಗಿದ್ದ ಒಂದೇ ಎತ್ತನ್ನು ಕೇಳದೆ ಹೊಡೆದುಕೊಂಡು ಹೋಗಿದ್ದರು. ಇಳಿಜಾರಿನಲ್ಲಿ ಬಂಡೆ ಜಾರಿ, ಎತ್ತು ಅಡಿಗೆ ಸಿಕ್ಕಿ ಸತ್ತಿತ್ತು. ಎತ್ತನ್ನು ಅವಳೇ ದೇವರಿಗೆಂದು ಕೊಟ್ಟದ್ದು ಎಂದು ಆಳುಗಳು ರೇವೋಜನಿಗೆ ಹೇಳಿದ್ದರು. ಅವಳು ವರ್ಷದಿಂದ ಹೆಗ್ಗಡೆಯ ಬಾಗಿಲಿಗೆ ಅಲೆಯುತ್ತಿದ್ದಳು. ಹೊಲ ಬೀಳು ಬಿದ್ದಿತ್ತು.

ಸೋವಣ ಅವಳಿಗೆ ಸಮಾಧಾನ ಹೇಳಿದ. ವೃಷಭವೆಂದರೆ ಧರ್ಮ; ಸತ್ಯ, ಶೌಚ, ದಯೆ, ದಾನ ಅದರ ನಾಲ್ಕು ಕಾಲುಗಳು; ನಿನ್ನ ಎತ್ತು ಆ ಧರ್ಮವನ್ನೇ ಸೇರಿತು, ನೀನು ಪುಣ್ಯವಂತೆ ಎಂದ.

ಒಳಗಿದ್ದ ರೇವೋಜ ಎಲ್ಲ ಕೇಳಿಸಿಕೊಂಡು ಹೊರಗೆ ಬಂದ. ಮುಖ ಕೆಂಪೇರಿತ್ತು.

"ನಿನ್ನ ಪುಣ್ಯ ಅವಳ ಹೊಲ ಉಳುತ್ತದೆಯೇನು?"



ಮರುದಿನ ಊರೆಲ್ಲ ಸೇರಿತು. ರೇವೋಜ ಉಳಿ ಮುಟ್ಟಲಿಲ್ಲ. ಚಾಕವ್ವೆಗೆ ಎತ್ತು ಬರುವವರೆಗೆ ಈ ನಂದಿ ಕುರುಡಾಗಿಯೇ ಇರಲಿ ಎಂದ.

ಕೈ ಕಡಿಸುತ್ತೇನೆ ಎಂದು ಹೆಗ್ಗಡೆ ಗುಡುಗಿದ. ರೇವೋಜ ಎರಡೂ ಕೈಗಳನ್ನು ಮುಂದೆ ಚಾಚಿದ.

ಹೆಗ್ಗಡೆ ಶಿಷ್ಯನ ಕಡೆ ತಿರುಗಿದ. "ನೀನು ತೆರೆಸು. ಇವತ್ತಿನಿಂದ ಇವನ ಜಾಗ ನಿನ್ನದು."

ಸೋವಣ ಉಳಿ ಎತ್ತಿಕೊಂಡ. ಹೆಂಗಸಿನೆದುರು ತನ್ನ ಮರ್ಯಾದೆ ಕಳೆದ ಗುರುವಿನ ಮೇಲೆ ಅವನಿಗೆ ಇನ್ನೂ ಸಿಟ್ಟಿತ್ತು. ನಂದಿಯ ಮುಖದ ಹತ್ತಿರ ಹೋಗಿ ನಿಂತ.

ಗುಂಪಿನಲ್ಲಿ ಚಾಕವ್ವೆ ಕಂಡಳು. ಅಳುತ್ತಿರಲಿಲ್ಲ, ಬೇಡುತ್ತಲೂ ಇರಲಿಲ್ಲ. ಅವನನ್ನೇ ದುರುಗುಟ್ಟಿ ನೋಡುತ್ತಿದ್ದಳು. ಆ ನೋಟದೆದುರು, ತಾನು ನಿನ್ನೆ ಹೇಳಿದ ಮಾತುಗಳಿಗೆ ಅವನಿಗೇ ನಾಚಿಕೆಯಾಯಿತು. ಆಮೇಲೆ ಸಿಟ್ಟು ಬಂತು, ಈ ಸಲ ತನ್ನ ಮೇಲೆಯೇ.

ಉಳಿ ಕೆಳಗಿಟ್ಟು, ಗುರುವಿನ ಪಕ್ಕಕ್ಕೆ ಬಂದು ತಾನೂ ಕೈ ಚಾಚಿದ.

ಮುಹೂರ್ತ ಮೀರುತ್ತಿತ್ತು. ಜನ ಗೊಣಗತೊಡಗಿದರು. ಹೆಗ್ಗಡೆ ಹಲ್ಲು ಕಡಿಯುತ್ತ ತನ್ನ ಕೊಟ್ಟಿಗೆಯಿಂದ ಒಂದು ಎತ್ತು ತರಿಸಿದ. ಚಾಕವ್ವೆ ಅದರ ಬಾಯಿ ಬಿಡಿಸಿ ಹಲ್ಲು ನೋಡಿದಳು. ಇದು ಮುದಿ, ಬೇಡ ಎಂದಳು. ಬೇರೆಯದನ್ನು ತರಿಸಬೇಕಾಯಿತು. ಅದರ ಹಗ್ಗ ಅವಳ ಕೈಗೆ ಬಂದ ಮೇಲೆಯೇ ರೇವೋಜ ನಂದಿಯ ಕಣ್ಣು ತೆರೆಸಿದ.

ಸಂಜೆ ಹೊಳೆಯಲ್ಲಿ ಕೈಕಾಲು ತೊಳೆಯುವಾಗಲೂ ರೇವೋಜನ ಸಿಟ್ಟು ಇಳಿದಿರಲಿಲ್ಲ. ಸೋವಣ ಅಂಜುತ್ತಲೇ ಕೇಳಿದ.

"ಗುರುಗಳೇ, ನಂದಿ ಎಂದರೆ ತಾಳ್ಮೆ, ಅದಕ್ಕೇ ಅದು ಕೂತಿರುತ್ತದೆ ಎಂದು ಕಲಿಸಿದವರು ನೀವು. ನಿಮಗೇ ಇಷ್ಟು ಸಿಟ್ಟೇ?"

"ಮೂರು ಕಾಲು ಮಡಿಸಿ, ಒಂದು ಮುಂಗಾಲನ್ನು ನೆಲಕ್ಕೆ ಊರಿಸಿ ಕಡೆಯಬೇಕು ಎಂದೂ ಕಲಿಸಿದ್ದೆ. ಆ ಕಾಲು ಬೇಕಾದಾಗ ಎದ್ದು ನಿಲ್ಲುವುದಕ್ಕೆ."