ಸಾಹೇಬರ ಜೋಕಾಲಿ

ಕಾಡು ಕಾಯುವ ಸಾಹೇಬರ ಜೀಪಿನ ಮುಂಭಾಗದಲ್ಲಿ ಅದೇನೋ ಕಟಕಟ ಸದ್ದು. ಡ್ರೈವರ್ ಯಮನಪ್ಪ ಒಬ್ಬನೇ ಓಡಿಸಿದರೆ ಇಲ್ಲ, ಸಾಹೇಬರು ಮುಂದಿನ ಸೀಟಿನಲ್ಲಿ ಕೂತರೆ ಹಾಜರ್.

"ಮಧ್ಯಾಹ್ನದೊಳಗ ಸದ್ದು ನಿಲ್ಲಬೇಕು. ಇಲ್ಲಾಂದ್ರ ಯಮನಪ್ಪ ಮನೀಗೆ!" ಎಂದು ಅವರು ಗ್ಯಾರೇಜಿನ ಮುಂದೆ ಗುಡುಗಿದರು.

ಮೆಕ್ಯಾನಿಕ್ ದಾವಲಸಾಬ ಬಡಕಲು ಯಮನಪ್ಪನನ್ನೇ ಬಂಪರ್ ಮೇಲೆ ಹತ್ತಿಸಿ ಕುಣಿಸಿದ. ಜೀಪು ತುಟಿ ಬಿಚ್ಚಲಿಲ್ಲ.

"ಸಾಹೇಬ್ರ, ಇದು ದೊಡ್ಡವರ ಮುಂದ ಅಷ್ಟ ಬಾಯಿ ಬಿಡೂ ಸದ್ದು. ತಾವ ಹತ್ತಿ ಜೀಕಬೇಕ್ರಿ, ಪಂಚಮಿ ಜೋಕಾಲಿ ಜೀಕಿದಂಗ."

"ನಾನಾ? ಬಂಪರ್ ಮ್ಯಾಲ?"

"ಮತ್ತ ಯಾರ ತೂಕಕ್ಕೂ ಅದು ಬಗ್ಗೂದಿಲ್ರಿ."

ಸಾಹೇಬರ ಮುಖ ಸ್ವಲ್ಪ ಅರಳಿತು. ಹತ್ತಿದರು, ಜೀಕಿದರು. ಕಟ್! ಜೀಪಿನಡಿ ಮಲಗಿದ್ದ ದಾವಲಸಾಬನ ಬೆರಳಿಗೆ ಶಾಕ್ ಅಬ್ಸಾರ್ಬರಿನ ಸಡಿಲ ಬೋಲ್ಟು ಸಿಕ್ಕಿತು. ಪಾನಾ ಹಾಕಿ ಬಿಗಿದ. ಸದ್ದು ನಿಂತಿತು.

ಸಾಹೇಬರು ಮಾತ್ರ ನಿಲ್ಲಲಿಲ್ಲ.

ಕಣ್ಣು ಮುಚ್ಚಿದ್ದರು. ಬೇವಿನ ಮರದ ನೆರಳು ಅವರ ಮೈಮೇಲೆ ಏರಿ ಇಳಿಯುತ್ತಿತ್ತು. ಹೊಟ್ಟೆ ಮೋಡದಂತೆ ಹಗುರಾಗಿ ತೇಲುತ್ತಿತ್ತು. ಬಾಯಲ್ಲಿ ಅಕ್ಕಂದಿರು ಹಾಡುತ್ತಿದ್ದ ಯಾವುದೋ ಪಂಚಮಿ ಹಾಡು.

"ಮುಗೀಲಿಲ್ಲೇನೋ?" ಯಮನಪ್ಪ ಪಿಸುಗುಟ್ಟಿದ.

"ಆಗಳೇ ಮುಗೀತು. ಸುಮ್ನಿರು. ತೂಗೂ ತೊಟ್ಟಿಲಾ ನಿಲ್ಲಸಬಾರದು."

ಮರುದಿನ ಬೆಳಿಗ್ಗೆ ಜೀಪು ಮತ್ತೆ ಗ್ಯಾರೇಜಿನ ಮುಂದೆ ನಿಂತಿತು. ಯಮನಪ್ಪ ಗಾಬರಿಯಿಂದ ಇಳಿದು ಬಾನೆಟ್ಟಿಗೆ ಕಿವಿ ಹಚ್ಚಿದ. ಸಾಹೇಬರು ಆಚೀಚೆ ನೋಡಿ, ಮೆಲ್ಲಗೆ ಅಂದರು:

"ದಾವಲಸಾಬ, ಸದ್ದೇನೂ ಇಲ್ಲಪಾ. ಆದ್ರೂ ಒಮ್ಮೆ ನೋಡಿಬಿಡೂಣೇನು?"

ಅಷ್ಟರಲ್ಲಿ ಅವರು ಬೂಟು ಬಿಚ್ಚಿಯಾಗಿತ್ತು.